ಒಂದು ಕೌದಿ, ಎರಡು ಪಾಳಿ

ಮನುಷ್ಯ ಎಷ್ಟೇ ಗಳಿಸಲಿ, ಎಷ್ಟೇ ಹಾರಾಡಲಿ, ಕೊನೆಗೆ ಅವನಿಗೆ ಬೇಕಾಗುವುದು ಮೈಚಾಚುವಷ್ಟು ನೆಲ ಮಾತ್ರ ಎಂದು ಬಲ್ಲವರು ಹೇಳುತ್ತಾರೆ. ಹೀಗೆ ಹೇಳಿದ ಬಲ್ಲವರಲ್ಲಿ ಒಬ್ಬರೂ ಕಬನೂರಿನಲ್ಲಿ ಖೋಲಿ, ಎಂದರೆ ಬಾಡಿಗೆಯ ಕೋಣೆ, ಹಿಡಿದು ಇದ್ದವರಲ್ಲ. ಅಲ್ಲಿ ಅಷ್ಟು ನೆಲದಲ್ಲಿ ಇಬ್ಬರು ಇರುತ್ತಿದ್ದರು, ಮತ್ತು ಇನ್ನೊಬ್ಬ ಇಲ್ಲದಿದ್ದರೆ ತನಗೆ ಅಷ್ಟು ನೆಲ ಧಾರಾಳವಾಯಿತು ಎಂದು ಇಬ್ಬರೂ ಹೇಳುತ್ತಿದ್ದರು.

ಹೋದ ತಿಂಗಳು ಇಚಲಕರಂಜಿಯಲ್ಲಿ ನಮ್ಮ ಬಳಗದವರ ಮದುವೆಗೆ ಹೋಗಿದ್ದೆ. ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಲಾಡ್ಜಿನಲ್ಲಿ ಇಳಿಸಿದ್ದರು. ನನಗಿಂತ ಮೊದಲು ಆ ಕೋಣೆಯಲ್ಲಿದ್ದವರು ಆಗತಾನೇ ಖಾಲಿ ಮಾಡಿದ್ದಿರಬೇಕು. ಮೈಚಾಚಿದರೆ ಹಾಸಿಗೆ ಇನ್ನೂ ಬೆಚ್ಚಗಿತ್ತು. ಜೊತೆಗಿದ್ದ ಅಳಿಯ ಸಿಟ್ಟಿಗೆದ್ದು ಮ್ಯಾನೇಜರನ ಜೊತೆ ಜಗಳ ತೆಗೆಯಲು ಹೊರಟ. ನಾನು ತಡೆದೆ. ಇನ್ನೊಬ್ಬನ ಮೈಕಾವು ಆರದ ಹಾಸಿಗೆಯಿಂದ ಎಂಥೆಂಥ ಯುದ್ಧಗಳು ಹುಟ್ಟುತ್ತವೆ ಎಂಬುದನ್ನು ನಾನು ಇದೇ ಊರಿನಲ್ಲಿ ಒಂದು ಇಡೀ ಮಳೆಗಾಲ ನೋಡಿದವನು. ಆ ಯುದ್ಧ ನಿಲ್ಲಿಸುವ ಕೆಲಸ ನನ್ನ ಪಾಲಿಗೇ ಬಂದಿತ್ತು.

ಮಹಾರಾಷ್ಟ್ರ ರಾಜ್ಯ ಹುಟ್ಟಿ ಇನ್ನೂ ಬಹಳ ದಿನ ಆಗಿರಲಿಲ್ಲ. ನಾನು ಕೊಲ್ಲಾಪುರಕ್ಕೆ ಹೋಗಿ ಮ್ಯಾಟ್ರಿಕ್ ಪರೀಕ್ಷೆಗೆ ಕೂತು, ಗಣಿತದೊಂದಿಗೆ ನನಗಿದ್ದ ಭಿನ್ನಾಭಿಪ್ರಾಯವನ್ನು ಮತ್ತೊಮ್ಮೆ ಸ್ಪಷ್ಟಪಡಿಸಿ, ಗಡಹಿಂಗ್ಲಜದ ಹತ್ತಿರದ ನಮ್ಮ ಹಳ್ಳಿಗೆ ಮರಳಿದ್ದೆ. ಅಪ್ಪ ಎತ್ತಿನ ಹಗ್ಗ ತಂದು ಕೈಯಲ್ಲಿಟ್ಟರು. ಆ ಹಗ್ಗ ಹಿಡಿದು ಒಂದು ಹಂಗಾಮು ಎತ್ತುಗಳ ಹಿಂದೆ ಹೆಂಟೆ ತುಳಿದ ಮೇಲೆ ನನಗೆ ನೌಕರಿಯ ಮಹತ್ವ ತಾನಾಗಿಯೇ ತಿಳಿಯಿತು. ಸೋದರಮಾವನ ಗುರುತಿನವರೊಬ್ಬರು ಇಚಲಕರಂಜಿಗೆ ಹತ್ತಿದ ಕಬನೂರಿನಲ್ಲಿ ಕರೆಂಟಿನ ಮಗ್ಗ ಹಾಕಿದ್ದರು. ಅವರಲ್ಲಿ ದಿವಾಣಜಿ, ಎಂದರೆ ಗುಮಾಸ್ತನಾಗಿ ಸೇರಿಕೊಂಡೆ.

ಇಚಲಕರಂಜಿ ಆಗ ಬೆಳೆಯುತ್ತಿದ್ದ ಊರು. ಬೆಳೆಯುತ್ತಿದ್ದದ್ದು ಮಗ್ಗಗಳು, ಊರು ಅವುಗಳ ಹಿಂದೆ ಏದುಸಿರು ಬಿಡುತ್ತ ಓಡುತ್ತಿತ್ತು. ಮಗ್ಗಕ್ಕೆ ಹಂಚಿನ ಚಾವಣಿ, ಗಟ್ಟಿ ನೆಲ, ತಲೆಯ ಮೇಲೆ ದೀಪ, ಹೊತ್ತುಹೊತ್ತಿಗೆ ಎಣ್ಣೆ. ಮಗ್ಗ ಕೂರದಂಥ ಮೂಲೆ ಎಲ್ಲಾದರೂ ಉಳಿದರೆ ಅಲ್ಲಿ ಮನುಷ್ಯರನ್ನು ಇಡುತ್ತಿದ್ದರು. ಗಡಹಿಂಗ್ಲಜ ಕಡೆಯ ಹಳ್ಳಿಗಳಿಂದ ನಮ್ಮ ಜನ ಬಸ್ಸು ತುಂಬಿ ಬರುತ್ತಿದ್ದರು. ಅವರು ಹಳ್ಳಿ ಬಿಟ್ಟು ಬಂದರು ಎಂದು ಈಗಿನವರು ಬರೆಯುತ್ತಾರೆ. ಅದು ಸುಳ್ಳು. ಅವರ ಹೊಲ, ಹೆಂಡತಿ, ದನ, ದೇವರು, ಜಗಳ, ಎಲ್ಲ ಹಳ್ಳಿಯಲ್ಲೇ ಇದ್ದವು. ಬೆವರು ಸುರಿಸಲು ಮತ್ತು ನಿದ್ದೆ ಮಾಡಲು ಮಾತ್ರ ಇಚಲಕರಂಜಿಗೆ ಬರುತ್ತಿದ್ದರು, ವಾರದ ಸೂಟಿಯ, ಎಂದರೆ ರಜೆಯ ದಿನ ಬೆಳಗಿನ ಬಸ್ಸು ಹಿಡಿದು ಊರಿಗೆ ಹೋಗಿ ಸಂಜೆ ರೊಟ್ಟಿಯ ಗಂಟು ಹೊತ್ತು ಮರಳುತ್ತಿದ್ದರು.

ನಮ್ಮ ಖೋಲಿಯಲ್ಲಿ ನಾಲ್ಕು ಹಾಸಿಗೆ ಹಾಸುವಷ್ಟು ಜಾಗವಿತ್ತು. ಇದ್ದವರು ಎಂಟು ಜನ. ಇದರಲ್ಲಿ ಯಾವ ಪವಾಡವೂ ಇಲ್ಲ. ಮಗ್ಗಗಳು ಹಗಲೊಂದು ಪಾಳಿ, ರಾತ್ರಿಯೊಂದು ಪಾಳಿ ನಡೆಯುತ್ತಿದ್ದವು. ನಾಲ್ವರು ನೇಯುವಾಗ ನಾಲ್ವರು ನಿದ್ದೆ ಮಾಡುತ್ತಿದ್ದರು. ಹಿಡಿದ ಪಾಳಿಯನ್ನು ಯಾರೂ ಬದಲಿಸುತ್ತಿರಲಿಲ್ಲ. ಎರಡು ಹಾಸಿಗೆ ಇಡಲು ಜಾಗವಿಲ್ಲದ್ದರಿಂದ ಒಂದು ಜಾಗಕ್ಕೆ ಒಂದೇ ಹಾಸಿಗೆ, ಅದಕ್ಕೆ ಇಬ್ಬರು ಹಕ್ಕುದಾರರು. ಖೋಲಿ ನನ್ನ ಹೆಸರಿನಲ್ಲಿತ್ತು, ಏಕೆಂದರೆ ಎರಡು ಲಿಪಿಗಳಲ್ಲಿ ಸಹಿ ಮಾಡಬಲ್ಲವನು ನಾನೊಬ್ಬನೇ. ಅಧಿಕಾರದ ಗುರುತಾಗಿ ನನಗೆ ಬಾಗಿಲ ಹೊರಗಿನ ಕಟ್ಟೆಯನ್ನು ಬಿಟ್ಟುಕೊಟ್ಟಿದ್ದರು. ಮೇಲೆ ತಗಡು ಇತ್ತು. ಮಳೆ ನೇರವಾಗಿ ಸುರಿದರೆ ನಾನು ತೋಯುತ್ತಿರಲಿಲ್ಲ. ಆದರೆ ಆ ಭಾಗದಲ್ಲಿ ಮಳೆ ನೇರವಾಗಿ ಸುರಿಯುವುದಿಲ್ಲ.

ಮನೆಯೊಡತಿ ಅಕ್ಕಾತಾಯಿ ಎಂಬ ಜೈನರ ವಿಧವೆ. ವ್ರತ ನಿಯಮಗಳಲ್ಲಿ ಬಹಳ ಕಟ್ಟುನಿಟ್ಟು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದರು. ಹೀಗಾಗಿ ಸಂಜೆಯ ಹೊತ್ತು ಬಾಡಿಗೆಯವರ ಮೇಲೆ ನಿಗಾ ಇಡಲು ಅವರಿಗೆ ಬೇಕಾದಷ್ಟು ಪುರುಸೊತ್ತು. ಪರಗಂಡಸರ ಮುಖ ನೋಡುವ ರೂಢಿ ಇರಲಿಲ್ಲ. ಬಾಗಿಲ ಹೊರಗಿನ ಚಪ್ಪಲಿ ನೋಡಿ ಜನರ ಲೆಕ್ಕ ಹಿಡಿಯುತ್ತಿದ್ದರು; ಒಳಗಿನ ಸಂಗತಿಯನ್ನು ಮೂಗಿನಿಂದ ತಿಳಿಯುತ್ತಿದ್ದರು. ಆ ಮಳೆಗಾಲದ ಆರಂಭದಲ್ಲೇ ಅವರು ಎರಡು ಮಗ್ಗಗಳನ್ನು ಕೊಂಡು ಅಂಗಳದಲ್ಲಿ ಗೋಣಿತಾಟು ಹೊದಿಸಿ ಇಟ್ಟಿದ್ದರು. ಆ ಮಗ್ಗಗಳು ಎಲ್ಲಿಗೆ ಹೋಗಬೇಕೆಂಬುದನ್ನು ಅವರು ಮುಚ್ಚಿಡಲಿಲ್ಲ.

“ಕಾಯ್ ಹೋ ದಿವಾಣಜಿ,” ಎಂದು ಒಂದು ಸಂಜೆ ಮರಾಠಿಯಲ್ಲಿ ಆರಂಭಿಸಿ, ವಿಷಯದ ಗಾಂಭೀರ್ಯಕ್ಕಾಗಿ ಕನ್ನಡಕ್ಕೆ ಹೊರಳಿದರು. “ದೀಪಾವಳೀ ತನಕಾ ಈ ಖೋಲಿ ನಿಮ್ಗ ಕೊಟ್ಟೇನಿ ಅಂತ ಮಾತ ಕೊಟ್ಟೇನಿ. ಮಾತ ತಪ್ಪಾಂಗಿಲ್ಲ. ಆದ್ರ ಎಂಟ ಮಂದೀಗೆ ಕೊಟ್ಟೇನಿ. ಒಬ್ಬ ಕಡಿಮಿ ಆದ್ರೂ ನನ್ನ ಮಗ್ಗಾ ಒಳಗ, ನಿಮ್ಮ ಹಾಸಗಿ ಹೊರಗ.”

“ಹೌದ್ರಿ ಅಕ್ಕಾರ,” ಎಂದೆ.

ಹೌದು ಎನ್ನದೆ ಬೇರೆ ದಾರಿ ಇರಲಿಲ್ಲ. ಇನ್ನೊಂದು ಖೋಲಿ ಇಡೀ ಇಚಲಕರಂಜಿಯಲ್ಲಿ ಸಿಗುವಂತಿರಲಿಲ್ಲ. ಎಂಟು ಜನ ಚೆದುರಿದರೆ ನನ್ನ ಧಣಿಗಳ ಮಗ್ಗದ ಮುಂದೆ ನಿಲ್ಲುವವರು ಕಡಿಮೆಯಾಗುತ್ತಿದ್ದರು. ಮಗ್ಗ ನಿಂತರೆ ದಿವಾಣಜಿಯ ಅಗತ್ಯ ಇರುತ್ತಿರಲಿಲ್ಲ. ಮತ್ತು ಊರಿನಲ್ಲಿ ಅಪ್ಪ ಎತ್ತಿನ ಹಗ್ಗವನ್ನು ಗೂಟಕ್ಕೆ ನೇತುಹಾಕಿ ದಾರಿ ನೋಡುತ್ತಿದ್ದರು.

ಖೋಲಿಯ ಉಳಿದ ಆರು ಜನರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಅವರು ಬರುತ್ತಿದ್ದರು, ಗೊರಕೆ ಹೊಡೆಯುತ್ತಿದ್ದರು, ಹೋಗುತ್ತಿದ್ದರು. ತೊಂದರೆ ಇದ್ದದ್ದು ಕಿಟಕಿಯ ಕೆಳಗಿನ ಜಾಗದಲ್ಲಿ. ಅದರ ಒಬ್ಬ ಹಕ್ಕುದಾರ ಬಸರಗಿಯ ಮಲ್ಲಪ್ಪ, ಇನ್ನೊಬ್ಬ ಹಲಕರ್ಣಿಯ ಚನಬಸು. ಇಬ್ಬರೂ ಆ ವರ್ಷ ಬಿತ್ತನೆ ಮುಗಿಸಿ ಹೊಸದಾಗಿ ಬಂದವರು. ಮಲ್ಲಪ್ಪನದು ಹಗಲು ಪಾಳಿ; ಮಗ್ಗ ಹತ್ತಿರ, ಇಚಲಕರಂಜಿಯ ಅಂಚಿನಲ್ಲಿ. ಚನಬಸುವಿನದು ರಾತ್ರಿ ಪಾಳಿ; ಮಗ್ಗ ದೂರ, ಕೊರೋಚಿಯಲ್ಲಿ. ಚನಬಸು ಬೇಗ ಹೊರಟು ತಡವಾಗಿ ಬರುತ್ತಿದ್ದ. ಹೀಗಾಗಿ ಒಂದೇ ಹಾಸಿಗೆಯಲ್ಲಿ ಮಲಗುವ ಈ ಇಬ್ಬರು ಒಬ್ಬರನ್ನೊಬ್ಬರು ಕಣ್ಣಾರೆ ಕಂಡಿರಲಿಲ್ಲ. ಇದು ನಂಬುವಂಥ ಮಾತಲ್ಲ ಎನ್ನುವವರು ಎರಡು ಪಾಳಿಯ ಖೋಲಿಯಲ್ಲಿ ಇದ್ದು ನೋಡಿಲ್ಲ.

ಹಾಸಿಗೆಯಲ್ಲಿ ಕೌದಿ ಮಲ್ಲಪ್ಪನದು, ದಿಂಬು ಚನಬಸುವಿನದು. ಮನಸ್ತಾಪ ಹುಟ್ಟಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಾರದು.

ಕೌದಿಯನ್ನು ಮಲ್ಲಪ್ಪನ ಹೆಂಡತಿ ಹೊಲಿದಿದ್ದಳು. ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿ, ಒಂದು ತುದಿಗೆ ತನ್ನ ಮದುವೆಯ ಸೀರೆಯ ಹಸಿರು ತುಂಡು ಇಟ್ಟು ಹೊಲಿದಿದ್ದಳು. ಆ ತುದಿ ತಲೆಯ ಕಡೆ ಬರಬೇಕು. ಇದನ್ನು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಹಗಲು ಮಲಗುವವನಿಗೆ ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಚನಬಸು ತಲೆಯನ್ನು ಆಚೆ ತುದಿಗೆ ಒಯ್ದು, ಕಾಲನ್ನು ಕಿಟಕಿಯ ಕಡೆ ಚಾಚಿ ಮಲಗುತ್ತಿದ್ದ. ಕೊರೋಚಿಯ ದಾರಿಯ ಕೆಸರು ಹಸಿರು ತುಂಡಿನ ಮೇಲೆ ಒಣಗುತ್ತಿತ್ತು.

“ದಿವಾಣಜಿ, ಅಂವಂಗ ಹೇಳ್ರಿ,” ಎಂದು ಮಲ್ಲಪ್ಪ ನನ್ನ ಕಟ್ಟೆಯ ಮುಂದೆ ನಿಂತ. “ನನ್ನ ಹೇಣ್ತೀ ಮದವೀ ಸೀರಿ ಮ್ಯಾಲ ಕಾಲ ಇಡತಾನ. ಇಂಥಾದ್ದ ವೈರೀನೂ ಮಾಡಾಂಗಿಲ್ಲ.”

ನಾನು ಹೇಳಿದೆ. ಚನಬಸು ಸಾವಧಾನವಾಗಿ ಕೇಳಿಕೊಂಡು ಉತ್ತರ ಕಳಿಸಿದ: “ಸೀರಿ ಆಮ್ಯಾಲ ನೋಡೋಣು. ಮೊದಲ ಅಂವಾ ನನ್ನ ದಿಂಬಿನ ಮ್ಯಾಲಿಂದ ತೆಲಿ ತಗೀಲಿ ಅಂತ ಹೇಳ್ರಿ. ಏನ್ ವಾಸನೀರಿ ಅದು! ಕನಸಿನ್ಯಾಗೂ ಬೆಳ್ಳೊಳ್ಳಿ ವಗ್ಗರಣಿ ಹಾಕಿದಾಂಗ ಆಗತೈತಿ.”

ಇದರಲ್ಲೂ ಸತ್ಯವಿತ್ತು. ಮಗ್ಗದ ಸದ್ದಿಗೆ ಮಲ್ಲಪ್ಪನಿಗೆ ತಲೆಶೂಲೆ ಬರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ನೆತ್ತಿಗೆ ತಿಕ್ಕಿಕೊಂಡು ಮಲಗುತ್ತಿದ್ದ. ಮಗ್ಗದ ಕೆಳಗೆ ಬಿದ್ದ ಹತ್ತಿ ಕೂಡಿಸಿ ಚನಬಸು ತುಂಬಿದ ಆ ದಿಂಬು ಎಣ್ಣೆಯನ್ನು ಭಕ್ತಿಯಿಂದ ಹೀರಿಕೊಳ್ಳುತ್ತಿತ್ತು. ಮಳೆಗಾಲವಾದ್ದರಿಂದ ಒಣಗಿಸುವ ಮಾತೇ ಇರಲಿಲ್ಲ.

ಶ್ರಾವಣದ ಹೊತ್ತಿಗೆ ಮಾತುಕತೆ ಕಡಿದು ಬಿತ್ತು. ಮಲ್ಲಪ್ಪನ ಕಲ್ಪನೆಯಲ್ಲಿ ಚನಬಸು ಬಾಗಿಲಲ್ಲಿ ಬಗ್ಗಿ ಬರಬೇಕಾದಷ್ಟು ಎತ್ತರದ ರಾಕ್ಷಸನಾದ. ಅವನ ಕಾಲುಗಳು ವಾರವಾರಕ್ಕೂ ಉದ್ದವಾದವು. ಚನಬಸುವಿನ ಕಲ್ಪನೆಯಲ್ಲಿ ಮಲ್ಲಪ್ಪ ನೆತ್ತಿ ಕೊಳೆತ ಮುದುಕನಾದ. ನಿಜದಲ್ಲಿ ಇಬ್ಬರೂ ಒಂದೇ ವಯಸ್ಸಿನ, ಒಂದೇ ಎತ್ತರದ, ಒಂದೇ ತೆರನಾಗಿ ಬಡಕಲಾದ ಮನುಷ್ಯರು. ಇನ್ನೊಬ್ಬನ ಹೆಸರು, ಊರು ಯಾವುದು ಎಂದು ಕೇಳುವುದು ಸ್ನೇಹದ ಲಕ್ಷಣವಾದ್ದರಿಂದ ಇಬ್ಬರೂ ನನ್ನನ್ನು ಕೇಳಿರಲಿಲ್ಲ.

ಇನ್ನು ಬಸ್ಸಿನ ಮಾತು. ಸೂಟಿಯ ದಿನ ರಾತ್ರಿ ಪಾಳಿಯವನು ಮಗ್ಗದಿಂದ ನೇರ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದ, ಹಗಲು ಪಾಳಿಯವನು ಖೋಲಿಯಿಂದ. ಸಂಜೆ ಮರಳಿದ ಮೇಲೆ ಒಬ್ಬ ನೇರ ಮಗ್ಗಕ್ಕೆ, ಇನ್ನೊಬ್ಬ ಖೋಲಿಗೆ. ಬಸ್ಸು ಮಾತ್ರ ಇಬ್ಬರಿಗೂ ಒಂದೇ. ಅದು ಇಚಲಕರಂಜಿ ಬಿಟ್ಟು, ನಿಪ್ಪಾಣಿಯ ಹತ್ತಿರ ಮೈಸೂರು ರಾಜ್ಯವನ್ನು ಹೊಕ್ಕು, ಸಂಕೇಶ್ವರದಲ್ಲಿ ಚಹಾ ಕುಡಿದು, ಮತ್ತೆ ಮಹಾರಾಷ್ಟ್ರಕ್ಕೆ ಬಂದು ಗಡಹಿಂಗ್ಲಜ ಮುಟ್ಟುತ್ತಿತ್ತು. ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವುದು ಅದರ ಕಾಯಿದೆ. ಅಂಥ ಒಂದು ಸೂಟಿಯ ದಿನ ಚನಬಸುವಿನ ಟವೆಲ್ಲು ಒಳ್ಳೆ ಕಿಟಕಿಯ ಸೀಟಿನ ಮೇಲೆ ಅಗಲವಾಗಿ ಬಿದ್ದಿತ್ತು. ಕೊನೆಗೆ ಹತ್ತಿದ ಮಲ್ಲಪ್ಪ ನಿಂತುಕೊಂಡದ್ದನ್ನು ಕಂಡು ಚನಬಸು ಟವೆಲ್ಲಿನ ಅರ್ಧ ಭಾಗ ಮಡಚಿ, “ಕೂಡ್ರಿ ಪಾವಣ್ಯಾರ,” ಎಂದು ನೆಂಟರನ್ನು ಕರೆದಂತೆ ಕರೆದ. ಆ ಬಸ್ಸಿನಲ್ಲಿ ಇಂಥ ಔದಾರ್ಯ ಹಿಂದೆಂದೂ ನಡೆದಿರಲಿಲ್ಲ.

ಮುಂದಿನದನ್ನು ನಾನು ಇಬ್ಬರ ಬಾಯಿಂದಲೂ ಬೇರೆಬೇರೆಯಾಗಿ ಕೇಳಿದ್ದೇನೆ; ಹೀಗಾಗಿ ಎರಡೂ ಕಡೆಯ ಸುಳ್ಳುಗಳು ನನ್ನ ಬಳಿ ಪೂರ್ತಿ ಇವೆ. ಸಂಕೇಶ್ವರ ದಾಟಿದ ಮೇಲೆ ಹಿರಣ್ಯಕೇಶಿ ತುಂಬಿ ರಸ್ತೆಯ ಮೇಲೆ ನೀರು ಬಂದಿತ್ತು. ಬಸ್ಸು ನಿಂತಿತು. ನೀರು ಇಳಿಯುವವರೆಗೆ ಮಾತಲ್ಲದೆ ಬೇರೆ ಕೆಲಸ ಇರಲಿಲ್ಲ.

“ಯಾವೂರ್ರೀ ನಿಮ್ದು?”

“ಬಸರಗಿ ರೀ. ನಿಮ್ದು?”

“ಹಲಕರ್ಣಿ. ಇಚಲ್‌ಕರಂಜ್ಯಾಗ ಎಲ್ಲಿರತೀರಿ?”

ಈ ಪ್ರಶ್ನೆಗೆ ಆ ಬಸ್ಸಿನಲ್ಲಿ ನಿಜ ಹೇಳುವ ಪದ್ಧತಿ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿಯ ತವರಿನವರು ಯಾರಾದರೂ ಇರುವ ಸಂಭವ ಯಾವಾಗಲೂ ಇತ್ತು. ಕಬನೂರಿನಲ್ಲಿ ಅರ್ಧ ಹಾಸಿಗೆಯ ಒಡೆಯನಾಗಿದ್ದವನು ನಿಪ್ಪಾಣಿಯ ಹೊತ್ತಿಗೆ ಇಡೀ ಹಾಸಿಗೆಯ, ಸಂಕೇಶ್ವರದ ಹೊತ್ತಿಗೆ ಇಡೀ ಖೋಲಿಯ ಒಡೆಯನಾಗುತ್ತಿದ್ದ. ಬಸ್ಸು ನಿಂತದ್ದು ಸಂಕೇಶ್ವರ ದಾಟಿದ ಮೇಲೆ.

“ನಂದ ಸ್ವಂತ ಖೋಲಿ ಐತ್ರಿ,” ಎಂದ ಮಲ್ಲಪ್ಪ. “ಒಬ್ಬಾಂವಾ ಜಾಗಾ ಇಲ್ಲ ಅಂತ ಅಳಕೊಂತ ಬಂದಾ. ಹೋಗ್ಲಿ ಬಿಡು ಅಂತ ಇಟಗೊಂಡೇನಿ.”

ಚನಬಸು ತೊಡೆ ತಟ್ಟಿಕೊಂಡ. “ಖರೇ ಹೇಳ್ರಿ! ನಂದೂ ಹಂಗ ಆಗೇತಿ. ನನ್ನ ಖೋಲ್ಯಾಗೂ ಒಬ್ಬಾಂವನ್ನ ಇಟಗೊಂಡೇನಿ. ದಯಾ ಮಾಡೀದ್ದ ತಪ್ಪಾತ್ರಿ.”

“ಹೆಂತಾಂವ ಅದಾನ ನಿಮ್ಮಾಂವ?”

“ಮುದಕಾರಿ. ತೆಲಿ ಕೊಳತೈತಿ. ಇವತ್ತ ಹೋಕ್ಕಾನೋ ನಾಳೆ ಹೋಕ್ಕಾನೋ ಅನ್ನೂ ಹಂಗ ಅದಾನ. ನಿಮ್ಮಾಂವ?”

“ರಾಕ್ಷಸ! ಕಾಲಲ್ಲರಿ ಅವು, ನೇಗಲಾ. ಅಂವಾ ಮಕ್ಕೊಂಡ್ರ ಖೋಲೀ ಉತ್ತಾಂಗ ಆಗತೈತಿ.”

ಚನಬಸು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ತನ್ನನ್ನು ಇಷ್ಟು ಕೆಟ್ಟದಾಗಿ ವರ್ಣಿಸಿದರೆ ಯಾವ ಮನುಷ್ಯನೂ ತನ್ನ ಗುರುತು ಹಿಡಿಯಲಾರ. ಬೆಳ್ಳುಳ್ಳಿಯ ವಾಸನೆಯಾದರೂ ಬರಬೇಕಿತ್ತಲ್ಲ ಎಂದು ಕೇಳಬಹುದು. ಊರಿಗೆ ಹೋಗುವ ದಿನ ಮಲ್ಲಪ್ಪ ತಲೆಗೆ ಸಾಬೂನು ಹಚ್ಚಿ ಗಸಗಸ ತಿಕ್ಕಿ ಮೀಯುತ್ತಿದ್ದ. ಆ ಎಣ್ಣೆಯ ಬಗ್ಗೆ ಅವನ ಹೆಂಡತಿಯ ಅಭಿಪ್ರಾಯವೂ ಚನಬಸುವಿನ ಅಭಿಪ್ರಾಯವೇ ಆಗಿತ್ತು.

ಹೊಳೆ ಇಳಿಯುವುದರೊಳಗೆ ಇಬ್ಬರೂ ಜೀವದ ಗೆಳೆಯರಾದರು. ಮುಂದಿನ ವಾರಗಳಲ್ಲಿ ಒಬ್ಬನ ಟವೆಲ್ಲು ಇಬ್ಬರಿಗೂ ಸೀಟು ಹಿಡಿಯತೊಡಗಿತು. ಚನಬಸುವಿನ ಮನೆಯ ಶೇಂಗಾ ಹಿಂಡಿ, ಎಂದರೆ ಕಡಲೆಕಾಯಿಯ ಚಟ್ನಿಪುಡಿ, ಮಲ್ಲಪ್ಪನ ರೊಟ್ಟಿಯ ಮೇಲೆ ಬಿತ್ತು. ಕೊನೆಗೆ ಒಂದು ದಿನ ಮಲ್ಲಪ್ಪ, “ಆ ರಾಕ್ಷಸನ್ನ ಹೊರಗ ಹಾಕತೇನಿ, ನೀವ ನಮ್ಮ ಖೋಲೀಗೆ ಬಂದಬಿಡ್ರಿ,” ಎಂದ. ಚನಬಸು, “ಛೇ ಛೇ, ಮುದಕನ್ನ ನಾ ಕಳಸತೇನಿ, ನೀವ ನಮ್ಮ ಕಡೆ ಬರ್ರಿ,” ಎಂದ. ಮರ್ಯಾದಸ್ಥರಾದ್ದರಿಂದ ಯಾರೂ ಸೋಲಲಿಲ್ಲ. ಮುಂದಿನ ಸೂಟಿಯ ಸಂಜೆ ಇಬ್ಬರ ಖೋಲಿಗಳನ್ನೂ ನೋಡುವುದು, ಯಾವುದು ಮನಸ್ಸಿಗೆ ಬರುತ್ತದೋ ಅಲ್ಲಿ ಇಬ್ಬರೂ ಇರುವುದು ಎಂದು ಗೊತ್ತಾಯಿತು.

ಇದೇ ಹೊತ್ತಿಗೆ ಇತ್ತ ಅಕ್ಕಾತಾಯಿಯ ಮೂಗು ತನ್ನ ಕೆಲಸ ಮಾಡಿತ್ತು. ಬೆಳ್ಳುಳ್ಳಿಯನ್ನು ಅವರು ಎಂದೋ ಬಿಟ್ಟವರು.

“ದಿವಾಣಜಿ, ಖೋಲ್ಯಾಗ ಲಸೂಣ ಯಾರ ತಂದಾರ?”

“ತಿನ್ನಾಕಲ್ರಿ ಅಕ್ಕಾರ, ತೆಲೀಗೆ ಹಚ್ಚತಾರ.”

“ಬಾಯಾಗ ಹೋದ್ರೇನು, ತೆಲಿಮ್ಯಾಗ ಕುಂತ್ರೇನು? ಮೂಗ ನಂದಲ್ಲೇನ? ಮುಂದಿನ ಸೂಟೀ ಸಂಜೀ ತನಕಾ ಆ ಮನಶ್ಯಾ ಹೋಗಬೇಕು. ಆದ್ರ ಎಂಟ ಮಂದಿ ಇರಬೇಕು. ಇಲ್ಲಾಂದ್ರ ಮಗ್ಗಾ ಜೋಡ್ಸಾಂವಗ ಹೇಳಿ ಇಟ್ಟೇನಿ.”

ಮಲ್ಲಪ್ಪ ಇದ್ದರೂ ಮಗ್ಗ, ಹೋದರೂ ಮಗ್ಗ. ಕೊಯ್ಲಿಗೆ ಬರುತ್ತಿದ್ದ ಹೊಲ ಬಿಟ್ಟು ಆ ಹೊತ್ತಿನಲ್ಲಿ ಹೊಸಬ ಬರುವಂತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಕೂತು ಎತ್ತಿನ ಹಗ್ಗವನ್ನು ನೆನೆಯುತ್ತಿದ್ದಾಗ, ಮಗ್ಗಕ್ಕೆ ಹೊರಟಿದ್ದ ಮಲ್ಲಪ್ಪನೇ ಬಂದ.

“ದಿವಾಣಜಿ, ಒಂದ ಅರ್ಜ ಐತ್ರಿ. ಆ ನೇಗಲಗಾಲಿನಾಂವನ್ನ ತಗದ ಹಾಕ್ರಿ. ಅಂವನ ಜಾಗಾಕ್ಕ ನಾ ಒಬ್ಬ ಬಂಗಾರದಂಥಾ ಮನಶ್ಯಾನ್ನ ತರತೇನಿ.”

“ಯಾರ್ರಿ ಮಲ್ಲಪ್ಪಣ್ಣಾ?”

“ಹಲಕರ್ಣಿಯವರು. ಬಸ್ಸಿನ್ಯಾಗ ಗುರ್ತ ಆಗೇತಿ. ಏನ್ ಮಾತ, ಏನ್ ರೀತಿ! ಸ್ವಂತ ಖೋಲಿ ಐತಂತ. ಆದ್ರ ಅಲ್ಲೊಬ್ಬ ಹಾಳ ಮುದಕ ವಕ್ಕರಿಸ್ಯಾನಂತ.”

ಹಲಕರ್ಣಿ ದೊಡ್ಡ ಊರು. ಬಂಗಾರದಂಥವರು ಅಲ್ಲಿ ಬೇಕಾದಷ್ಟು ಜನ ಇರಬಹುದು. ನಾನು ಸಂಶಯ ಪಡಲಿಲ್ಲ. ನೋಡೋಣ ಎಂದೆ. ಆದರೆ ಅದೇ ಸಂಜೆ, ಕೊರೋಚಿಗೆ ಹೊರಡುವ ಮೊದಲು ಚನಬಸು ಬಂದು ನಿಂತ.

“ದಿವಾಣಜಿ, ಆ ಕೊಳತ ತೆಲಿ ಮುದಕನ್ನ ಕಳಸರಿ. ನಾ ಒಬ್ಬ ಚಲೋ ಮನಶ್ಯಾನ್ನ ಕರಕೊಂಡ ಬರತೇನಿ. ಬಸರಗಿಯವರು. ಹೂವಿನಂಥಾ ಮನಶ್ಯಾ. ಮೈಯಾಗ ಬರೇ ಸಾಬೂನದ ವಾಸನಿ!”

ನಾನು ಅವನ ಮುಖವನ್ನೇ ನೋಡಿದೆ. ನಗಬೇಕೆನಿಸಲಿಲ್ಲ, ಹೆದರಿಕೆಯಾಯಿತು. ನಿಜ ಹೇಳಿದರೆ ಏನಾಗುತ್ತದೆಂದು ನನಗೆ ಸ್ಪಷ್ಟವಾಗಿ ಕಂಡಿತು. ಕೊಳೆತ ಮುದುಕ, ರಾಕ್ಷಸ ಎಂದು ಅನ್ನಿಸಿಕೊಂಡದ್ದನ್ನು ಇಬ್ಬರೂ ಸಹಿಸಿಯಾರು. ಆದರೆ ತನಗೆ ಸ್ವಂತ ಖೋಲಿ ಇಲ್ಲವೆಂಬುದು ಗೆಳೆಯನಿಗೆ ತಿಳಿಯಿತೆಂದರೆ, ನಮ್ಮ ಕಡೆಯ ಮನುಷ್ಯ ಮತ್ತೆ ಆ ಬಸ್ಸನ್ನೂ ಹತ್ತುವುದಿಲ್ಲ, ಆ ಊರಿಗೂ ಬರುವುದಿಲ್ಲ. ಇಬ್ಬರೂ ಅಂದೇ ಗಂಟು ಕಟ್ಟುತ್ತಿದ್ದರು. ಅಕ್ಕಾತಾಯಿ ಎರಡು ಜೊತೆ ಚಪ್ಪಲಿ ಕಡಿಮೆ ಎಣಿಸುತ್ತಿದ್ದರು.

“ಆಗ್ಲಿ,” ಎಂದೆ. “ಸೂಟೀ ದಿನ ಅಂವನ್ನ ತಗಿತೇನಿ. ಸಂಜೀಕ ನಿಮ್ಮ ಮನಶ್ಯಾನ್ನ ಕರಕೊಂಡ ಬರ್ರಿ.”

ಮರುದಿನ ಮಲ್ಲಪ್ಪನಿಗೂ ಅಕ್ಷರಶಃ ಅದನ್ನೇ ಹೇಳಿದೆ. ಹೀಗೆ ಒಂದೇ ಆಜ್ಞೆಯಿಂದ ಇಬ್ಬರನ್ನು ತೆಗೆದು ಇಬ್ಬರನ್ನು ಸೇರಿಸಿಕೊಂಡೆ. ಮೊತ್ತದಲ್ಲಿ ವ್ಯತ್ಯಾಸ ಬರಲಿಲ್ಲ. ಗಣಿತ ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಸೂಟಿಯ ಸಂಜೆ ಚನಬಸು ಮಗ್ಗಕ್ಕೆ ಬದಲಿಯವನನ್ನು ನಿಲ್ಲಿಸಿ ಬಂದಿದ್ದ. ಬಸ್ಸು ಇಳಿದ ಮೇಲೆ “ಮೊದಲ ನಿಮ್ಮ ಖೋಲಿ”, “ಮೊದಲ ನಿಮ್ದ” ಎಂದು ಸ್ಟ್ಯಾಂಡಿನಲ್ಲೇ ಸಾಕಷ್ಟು ಹೊತ್ತು ಕಳೆದರಂತೆ. ಆಮೇಲೆ ಇಬ್ಬರೂ, ಹೇಗೂ ತಾನೇ ಕರೆದೊಯ್ದರಾಯಿತು ಎಂದುಕೊಂಡು, ಕಬನೂರಿನ ಕಡೆ ನಡೆದರು. ಇಬ್ಬರೂ ಮುಂದೆ, ಇಬ್ಬರೂ ದಾರಿ ತೋರಿಸುವವರೇ.

“ಹಿಂಗ ಬರ್ರಿ,” ಎಂದ ಮಲ್ಲಪ್ಪ ತಿರುವಿನಲ್ಲಿ.

“ಹಿಂಗ ಹೊಂಟೇನ್ರಿ,” ಎಂದ ಚನಬಸು. “ಇಲ್ಲೆ ಕೆಸರೈತಿ, ಸಂಬಾಳಿಸಿ.”

“ಹೌದಲ್ರಿ, ಮುಂದ ಕಲ್ಲೂ ಐತಿ, ಎಡವೀರಿ.”

ಮುಂದಿನ ತಿರುವಿನಲ್ಲೂ ಇಬ್ಬರೂ ಒಟ್ಟಿಗೇ ಹೊರಳಿದರು.

“ಈ ಓಣಿ ಗೊತ್ತೇನ್ರಿ ನಿಮಗ?”

“ಗೊತ್ತೇನ ಅಂದ್ರ? ನಮ್ಮ ಓಣೀನ ಇದು.”

“ಅರೆ! ನಂದೂ ಇದ ಓಣಿ! ಅಂದ್ರ ಇಷ್ಟ ದಿನಾ ನಾವು ಮಗ್ಗಲಮನಿಯವರ ಆಗೇವಂತ!” ಎಂದು ಮಲ್ಲಪ್ಪ ಅವನ ಭುಜ ತಟ್ಟಿದ. ಆ ಸಂತೋಷ ಸರಿಯಾಗಿ ನಮ್ಮ ಬಾಗಿಲವರೆಗೆ ಇತ್ತು.

ನಾನು ಕಟ್ಟೆಯ ಮೇಲೆ ಕೂತಿದ್ದೆ. ಇಬ್ಬರೂ ಒಂದೇ ಮೆಟ್ಟಿಲ ಮುಂದೆ ನಿಂತು, ಒಂದೇ ಬಾಗಿಲಿಗೆ ಕೈಚಾಚಿ, ಒಬ್ಬರಿಗೊಬ್ಬರು “ಬರ್ರಿ, ಬರ್ರಿ” ಎಂದರು. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಜೀವಮಾನದಲ್ಲೇ ಅತಿ ಗಂಭೀರವಾದ ಧ್ವನಿಯಲ್ಲಿ ನಾನು ಹೇಳಿದೆ: “ಹಳಬರಿಬ್ರೂ ಹೋದ್ರು. ಹೊಸಬರು ಒಳಗ ಬರ್ರಿ.”

ಒಳಗೆ ಹೋದರು. ಕಾಲುಗಳು ರೂಢಿಯಂತೆ ಇಬ್ಬರನ್ನೂ ಕಿಟಕಿಯ ಕೆಳಗೆ ಒಯ್ದವು. ಅತಿಥಿಗೆ ಕೊಡಬೇಕೆಂದು ಚನಬಸು ದಿಂಬಿಗೆ ಕೈ ಹಾಕಿದ. ಅತಿಥಿಗೆ ಹಾಸಬೇಕೆಂದು ಮಲ್ಲಪ್ಪ ಕೌದಿಗೆ ಕೈ ಹಾಕಿದ. ಅಲ್ಲಿಗೆ ಕೈಗಳು ನಿಂತವು. ಮಲ್ಲಪ್ಪ ಚನಬಸುವಿನ ಕಾಲು ನೋಡಿದ. ಚನಬಸು ಮಲ್ಲಪ್ಪನ ತಲೆ ನೋಡಿದ. ಹಂಚಿನ ಮೇಲೆ ಮಳೆ ಬೀಳುತ್ತಿತ್ತು. ಬಾಯಿ ತೆರೆದರೆ ಮೊದಲು ಹೊರಬೀಳುವುದು ಇನ್ನೊಬ್ಬನ ಸುಳ್ಳಲ್ಲ, ತನ್ನದೇ ಎಂಬುದು ಇಬ್ಬರಿಗೂ ಏಕಕಾಲಕ್ಕೆ ಹೊಳೆದಿರಬೇಕು. ಮಲ್ಲಪ್ಪ ರೊಟ್ಟಿಯ ಗಂಟನ್ನು ಮತ್ತೆ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದ. ನನ್ನ ನೌಕರಿ ಅವನ ಹೆಗಲೇರಿ ಹೊರಟಿದ್ದನ್ನು ನಾನು ಕಂಡೆ.

ಆದರೆ ಬಾಗಿಲಲ್ಲಿ ಅಕ್ಕಾತಾಯಿ ನಿಂತಿದ್ದರು. ಸೆರಗು ಮೂಗಿಗಿತ್ತು. ಚಪ್ಪಲಿಗಳನ್ನು ಎಣಿಸಿದರು. ರಾತ್ರಿ ಪಾಳಿಯ ಮೂವರು ಮಗ್ಗದಲ್ಲಿದ್ದಾರೆಂದು ನಾನು ಕೂಡಿಸಿ ಹೇಳಿದೆ. ಎಂಟು ಸರಿಯಾಯಿತು. ಆಮೇಲೆ ಸೆರಗು ತೆಗೆದು ಒಮ್ಮೆ ಮೂಸಿದರು.

“ಲಸೂಣದಾಂವಾ ಹೋಗ್ಯಾನ ಅಂದ್ರಿ. ಇದೇನ ಮತ್ತ?”

ಮಲ್ಲಪ್ಪ ಗಂಟು ಹಿಡಿದು ನೆಲ ನೋಡುತ್ತ ನಿಂತ. ಇಡೀ ಮಳೆಗಾಲ ಆ ವಾಸನೆಯಲ್ಲಿ ಮುಖವಿಟ್ಟು ಮಲಗಿದ ಚನಬಸು, ಕೈಯಲ್ಲಿ ದಿಂಬು ಹಿಡಿದುಕೊಂಡೇ ಮುಂದೆ ಬಂದ.

“ಹೋಗ್ಯಾನ್ರಿ ಅಕ್ಕಾರ. ಇದ ಆ ಹಳೇ ಮುದಕಂದು. ದಿಂಬಿಗೆ ಹತ್ತೇತಿ. ನಾಳೆ ಬಿಚ್ಚಿ ಒಗೀತೇನಿ. ಇವರು ಹೊಸಬರು, ಬಸರಗಿಯವರು. ಬೇಕಾದ್ರ ಮೂಸಿ ನೋಡ್ರಿ. ಬರೇ ಸಾಬೂನಾ.”

“ಇಶ್ಶಿ!” ಎಂದು ಅಕ್ಕಾತಾಯಿ ಸೆರಗನ್ನು ಮತ್ತೆ ಮೂಗಿಗೇರಿಸಿ ಹೊರಟುಹೋದರು. ಪರಗಂಡಸನ್ನು ಮೂಸಿ ನೋಡಲು ಯಾರೂ ಅವರಿಗೆ ಅದಕ್ಕಿಂತ ಮೊದಲು ಹೇಳಿರಲಿಲ್ಲ.

ಮಲ್ಲಪ್ಪ ಗಂಟನ್ನು ಕೆಳಗಿಟ್ಟು ಬಿಚ್ಚಿದ. ಚನಬಸು ಶೇಂಗಾ ಹಿಂಡಿ ತೆಗೆದ. ಎರಡು ತುತ್ತು ಆದ ಮೇಲೆ ಚನಬಸು ಕೌದಿಯ ಕಡೆ ಕೈ ತೋರಿಸಿದ.

“ಇದರ ತೆಲಿ ಯಾ ಕಡೆ ಬರತೈತ್ರಿ?”

“ಹಸರ ತುಂಡ ಐತಲ್ರಿ, ಆ ಕಡೆ.”

“ಚಲೋ ಹೊಲದಾರ. ಆ ರಾಕ್ಷಸ ಇದರ ಮ್ಯಾಲ ಕಾಲ ಇಡತಿದ್ದ ಅಂದ್ರಿ?”

“ಇಡತಿದ್ದಾ. ಹಾಳಾಗಿ ಹೋಗ್ಲಿ ಬಿಡ್ರಿ. ಪಾಪ, ಬೆಳಕ ಕಣ್ಣಿಗೆ ಬೀಳತಿತ್ತೋ ಏನೋ.”

“ಆ ಮುದಕನೂ ಅಷ್ಟ ಕೆಟ್ಟಾಂವಲ್ರಿ. ತೆಲಿ ನೋಯತಿದ್ದೀತು.”

ಮರುದಿನ ಕಿಟಕಿಗೆ ಒಂದು ಗೋಣಿತಾಟು ಬಂತು. ಎಣ್ಣೆಯ ಶೀಶೆ ಮತ್ತೆ ಕಾಣಿಸಲಿಲ್ಲ. ಮಲ್ಲಪ್ಪ ಕಿವಿಗೆ ಮಗ್ಗದ ಹತ್ತಿ ತುರುಕಿಕೊಂಡು ನೇಯತೊಡಗಿದ. ಜೊತೆಯಲ್ಲಿ ಇರಬೇಕೆಂದು ಇಷ್ಟೆಲ್ಲ ಪಾಡುಪಟ್ಟ ಇಬ್ಬರು, ಪಾಳಿ ಬೇರೆಬೇರೆಯಾದ್ದರಿಂದ, ಯಥಾಪ್ರಕಾರ ವಾರಕ್ಕೊಮ್ಮೆ ಬಸ್ಸಿನಲ್ಲಿ ಮಾತ್ರ ಭೇಟಿಯಾಗುತ್ತಿದ್ದರು. ಅಲ್ಲಿ ಇಬ್ಬರೂ ತಮ್ಮ ತಮ್ಮ ಹಳೆಯ ಜೊತೆಗಾರನನ್ನು ಬೈಯುವುದನ್ನು ಬಿಡಲಿಲ್ಲ. ಖೋಲಿಯಲ್ಲಿ ಏನು ಹಾಳಾದರೂ ಅದು ಹೋದವರ ತಲೆಯ ಮೇಲೆ ಹೋಗುತ್ತಿತ್ತು. ಹಂಚು ಸೋರಿದರೆ ರಾಕ್ಷಸ ಒಡೆದಿರಬೇಕು. ಇಲಿ ಬಂದರೆ ಮುದುಕನ ಎಣ್ಣೆಗೆ ಬಂದಿರಬೇಕು. ಉಳಿದ ಆರು ಜನರೂ ಕ್ರಮೇಣ ಇದನ್ನು ನಂಬಿದರು. ನಾನೂ ಒಂದೆರಡು ಸಲ, ನನ್ನ ಚಪ್ಪಲಿ ಕಳೆದಾಗ, ಅವರನ್ನೇ ಸಂಶಯಿಸಿದೆ.

ದೀಪಾವಳಿಯ ಹಿಂದಿನ ದಿನ ಅಕ್ಕಾತಾಯಿ ಮತ್ತೊಮ್ಮೆ ಚಪ್ಪಲಿ ಎಣಿಸಿದರು. ಎಂಟು ಸರಿಯಿತ್ತು; ಮಾತನ್ನು ಮುಂದಿನ ದೀಪಾವಳಿ ತನಕ ಬೆಳೆಸಿದರು, ಖೋಲಿ ನಮಗೇ ಉಳಿಯಿತು. ಮಗ್ಗಗಳನ್ನು ಹಿತ್ತಲಿನ ಕೊಟ್ಟಿಗೆಯಲ್ಲಿ ಜೋಡಿಸಿದರು, ಅಲ್ಲಿದ್ದ ಎಮ್ಮೆಯನ್ನು ಮಾರಿದರು.